ಗರ್ಭಿಣಿಗೆ ಹೆಪಟೈಟಿಸ್ ಬಿ ರಿಯಾಕ್ಟಿವ್: ಮಗುವಿಗೆ ತಗಲುತ್ತಾ?

ಪ್ರಶ್ನೆ: ತಂಗಿಗೆ ಈಗ ಆರು ತಿಂಗಳು. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕು ಇದೆಯಾ ಅಂತ ನೋಡೋ ರಕ್ತಪರೀಕ್ಷೆ) ರಿಯಾಕ್ಟಿವ್, ಅಂದ್ರೆ ಪಾಸಿಟಿವ್ ಬಂದಿದೆ. ಕಣ್ಣು ಹಳದಿಯಾಗಿಲ್ಲ, ಊಟವೂ ಸೇರುತ್ತದೆ. ಇದು ನೀರಿನಿಂದ ಬರೋ ಕಾಮಾಲೆನಾ? ಮನೆಯಲ್ಲಿ ನಾಟಿ ಔಷಧಿ ಕೊಡಿಸೋಣ ಅಂತಿದ್ದಾರೆ.

ಉತ್ತರ 1: ಅಲ್ಲ. ಕೆಟ್ಟ ನೀರು, ಆಹಾರದಿಂದ ಬರುವುದು ಎ ಮತ್ತು ಇ. ಬಿ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ. ವೈರಸ್ ಇದ್ದರೂ ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ನಾಟಿ ಔಷಧಿ ದಯವಿಟ್ಟು ಬೇಡ, ಕೆಲವು ಲಿವರನ್ನೇ ಕೆಡಿಸುತ್ತವೆ. ಈಗಲೇ ಎಎಲ್‌ಟಿ (ಲಿವರ್‌ಗೆ ಪೆಟ್ಟಾಗಿದೆಯೇ ತೋರಿಸುತ್ತದೆ), ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ತೋರಿಸುತ್ತದೆ) ರಕ್ತಪರೀಕ್ಷೆ ಮಾಡಿಸಿ. ಡಿಎನ್‌ಎ 2 ಲಕ್ಷ ಐಯು/ಮಿಲೀ ದಾಟಿದ್ದರೆ ಸಾಮಾನ್ಯವಾಗಿ 28ನೇ ವಾರದಿಂದ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಶುರು ಮಾಡುತ್ತಾರೆ. ಅದನ್ನು ವೈದ್ಯರಿಗೆ ಹೇಳದೆ ನಿಲ್ಲಿಸಬಾರದು, ಲಿವರ್ ಉರಿಯೂತ ಒಮ್ಮೆಲೇ ಏರಬಹುದು.

ಉತ್ತರ 2: ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು ಶೇ. 90ರಷ್ಟು ಮಂದಿಗೆ ಅದು ದೀರ್ಘಕಾಲ ಉಳಿದುಬಿಡುತ್ತದೆ. ಹಾಗಾಗಿ ಮೊದಲ 12 ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೊಗ್ಲೋಬ್ಯುಲಿನ್ (ಎಚ್‌ಬಿಐಜಿ, ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು). ಎಡವಟ್ಟಾಗುವುದು ಇಲ್ಲೇ: ಎಚ್‌ಬಿಐಜಿ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ರಾತ್ರಿ ಹೆರಿಗೆಯಾದರೆ ಹುಡುಕಾಟ. 36ನೇ ವಾರಕ್ಕೇ ವಿಚಾರಿಸಿ ತರಿಸಿಡಿ. 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ನಲ್ಲಿ ಅಲ್ಲ. ಆಮೇಲೆ 6, 10, 14ನೇ ವಾರದ ಪೆಂಟಾವಲೆಂಟ್ (ಹೆಪಟೈಟಿಸ್ ಬಿ ಸೇರಿ ಐದು ರೋಗಗಳ ಲಸಿಕೆ) ತಪ್ಪಿಸಬೇಡಿ.

ಉತ್ತರ 3: ಎದೆಹಾಲು ಕೊಡಬಹುದು. ತಟ್ಟೆ ಲೋಟ ಬೇರೆ ಮಾಡಿ ತಂಗಿಯ ಮನಸ್ಸು ನೋಯಿಸಬೇಡಿ. ಬ್ಲೇಡು, ನೇಲ್ ಕಟರ್, ಟೂತ್‌ಬ್ರಷ್ ಬೇರೆ ಇದ್ದರೆ ಸಾಕು. ಗಂಡನಿಗೂ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದು ರೋಗನಿರೋಧಕ ಶಕ್ತಿ ಇಲ್ಲದಿದ್ದರೆ ಲಸಿಕೆ. ಮಗುವಿಗೆ 9 ತಿಂಗಳು ತುಂಬಿದ ಮೇಲೆ ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಎಸ್ (ರಕ್ಷಣೆ ಕೊಡುವ ಪ್ರತಿಕಾಯ ಬಂದಿದೆಯೇ ನೋಡುವ ಪರೀಕ್ಷೆ) ಎರಡನ್ನೂ ನೋಡಿಸಿ. ಅದಕ್ಕೂ ಮುಂಚೆ ಮಾಡಿಸಿದರೆ ಎಚ್‌ಬಿಐಜಿಯ ಪ್ರತಿಕಾಯವೇ ಕಾಣಿಸಿ ಲೆಕ್ಕ ತಪ್ಪುತ್ತದೆ.