ಪ್ರಾಣೇಶ್ ಅವರ ಅದೇ ಜೋಕಿಗೆ ಹತ್ತನೇ ಸಲವೂ ನಗು ಬರುತ್ತದೆ, ಸ್ಟ್ಯಾಂಡ್ ಅಪ್‌ಗೆ ಯಾಕೆ ಬರುವುದಿಲ್ಲ?

ಜಯನಗರ_ಜಾಜಿ:
ಮೂರು ದಿನದಿಂದ ಮನೆಯಲ್ಲಿ ಇದೇ ಚರ್ಚೆ. ಹೋದ ವಾರ ಕಾರಿನಲ್ಲಿ ಕೊಪ್ಪಳಕ್ಕೆ ಹೋಗುವಾಗ ಅಪ್ಪ ಗಂಗಾವತಿ ಪ್ರಾಣೇಶ್ ಅವರ ಹಾಸ್ಯ ಭಾಷಣ ಹಾಕಿದರು. ನಾನು ಚಿಕ್ಕವಳಿದ್ದಾಗಿನಿಂದ ಕೇಳಿರುವ ಅದೇ ಭಾಷಣ. ಅಪ್ಪನಿಗೆ ಅದು ಪೂರ್ತಿ ಬಾಯಿಪಾಠ, ಆದರೂ ಪ್ರಾಣೇಶ್ ಬಾಯಿ ತೆರೆಯುವ ಮೊದಲೇ ಇವರ ನಗು ಶುರು. ಚಿತ್ರದುರ್ಗ ದಾಟಿದ ಮೇಲೆ ನಾನು ಕನ್ನಡ ಸ್ಟ್ಯಾಂಡ್ ಅಪ್ ಮಾಡುವ ಲೋಲ್‌ಬಾಗ್ ತಂಡದ ಹುಡುಗರ ವಿಡಿಯೊ ಹಾಕಿದೆ. ಅದಕ್ಕೂ ಚೆನ್ನಾಗಿಯೇ ನಕ್ಕರು. ಆದರೆ ವಾಪಸ್ ಬರುವಾಗ ಅದನ್ನೇ ಮತ್ತೆ ಹಾಕಿದರೆ, "ಇದು ಆಗಲೇ ಕೇಳಿದ್ದಲ್ವಾ, ಬೇರೆ ಹಾಕು" ಎಂದರು. ನಿಜ ಹೇಳಬೇಕೆಂದರೆ ನನಗೂ ಎರಡನೇ ಸಲ ನಗು ಬರಲಿಲ್ಲ.

ನನಗೆ ಇಷ್ಟವಾಗುವುದು ಹೊಸಬರೇ. ಪಿಜಿ, ಮೆಟ್ರೊ, ಆಫೀಸಿನ ಮೀಟಿಂಗು, ಅರ್ಧ ಇಂಗ್ಲಿಷ್ ಬೆರೆತ ನಮ್ಮ ಕನ್ನಡ, ಎಲ್ಲವೂ ಅವರ ಮಾತಿನಲ್ಲಿದೆ. ಹಾಸ್ಯ ಭಾಷಣಗಳಲ್ಲಿ ಹೆಂಡತಿ ಜೋಕು ಬಂದರೆ ನನಗೆ ಸಾಕಪ್ಪಾ ಅನ್ನಿಸುತ್ತದೆ. ಆದರೂ ಮತ್ತೆ ಮತ್ತೆ ಕೇಳಿಸಿಕೊಳ್ಳುವ ಗುಣ ಈ ಹೊಸಬರ ಹತ್ತಿರ ಯಾಕಿಲ್ಲ? ನಿಮಗೆ ಯಾರಿಷ್ಟ, ಯಾಕೆ?

ಎಡದಂಡೆ_ನಾಲೆ:
ತಂಗಿ, ನಾನು ಗಂಗಾವತಿ ಕಡೆಯವನು. ನನ್ನದು ಪಕ್ಷಪಾತವೇ, ಮೊದಲೇ ಹೇಳಿಬಿಡುತ್ತೇನೆ.

ನೀವು ಜೋಕು ಜೋಕು ಅನ್ನುತ್ತೀರಿ. ಪ್ರಾಣೇಶ್ ಅವರದು ಜೋಕಲ್ಲ, ಮಾತು. ಮದುವೆ ಮನೆ, ಬಸ್ಸು, ಸರ್ಕಾರಿ ಶಾಲೆ, ಬೀಗರ ಊಟ, ಅಲ್ಲಿ ಜನ ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡಿ ತೋರಿಸುತ್ತಾರೆ. ಕೊನೆಯಲ್ಲಿ ಏನಾಗುತ್ತದೆ ಅಂತ ಗೊತ್ತಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ, ಯಾಕೆಂದರೆ ರುಚಿ ಇರುವುದು ಹೇಳುವ ದಾರಿಯಲ್ಲಿ. ಬೀಚಿ ಅವರ ತಿಮ್ಮನನ್ನು ನೂರು ಸಲ ಓದಿದರೂ ನಗು ಬರುವುದಿಲ್ಲವೇ? ಬೀಚಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ, 1913ರಲ್ಲಿ. ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿಕೊಂಡೇ ಬರೆದರು. ಅವರ ಸಾಲುಗಳನ್ನು ಪುಸ್ತಕ ಹಿಡಿಯದ ಜನರಿಗೂ ಮುಟ್ಟಿಸಿದವರು ಪ್ರಾಣೇಶ್. ಅಭಿನವ ಬೀಚಿ ಅಂತ ಜನ ಸುಮ್ನೆ ಕರೆದದ್ದಲ್ಲ.

ಇನ್ನೊಂದು ಮಾತಿದೆ, ಇದು ಬೆಂಗಳೂರಿನವರಿಗೆ ಬೇಗ ಹೊಳೆಯುವುದಿಲ್ಲ. ನಾವು ಚಿಕ್ಕವರಿದ್ದಾಗ ಸಿನಿಮಾದಲ್ಲಿ ನಮ್ಮ ಕಡೆ ಮಾತು ಬಂತೆಂದರೆ ಅದು ಬಹಳ ಸಲ ನಗೆಪಾಟಲಿಗೆ ಈಡಾಗುವ ಪಾತ್ರದ ಬಾಯಲ್ಲೇ. ಅದೇ ಮಾತನ್ನು ಬೆಂಗಳೂರು, ಮೈಸೂರಿನ ವೇದಿಕೆಯಲ್ಲಿ ನಿಂತು ಗಂಟೆಗಟ್ಟಲೆ ಆಡಿ, ಯಾರಿಗೋಸ್ಕರವೂ ತಿದ್ದಿಕೊಳ್ಳದೆ ಚಪ್ಪಾಳೆ ಗಿಟ್ಟಿಸಿದಾಗ ನಮಗೆಷ್ಟು ಎದೆಯುಬ್ಬಿತು ಗೊತ್ತೇನ್ರೀ.

ಸರಸ್ವತಿಪುರಂ_ಸಂಜೆ:
ಪ್ರಾಣೇಶ್ ಅವರ ಬಗ್ಗೆ ಗೌರವವಿದೆ, ಆದರೆ ನನ್ನ ಮೊದಲ ಆಯ್ಕೆ ಪ್ರೊ. ಕೃಷ್ಣೇಗೌಡರು. ಅವರು ನಗಿಸುತ್ತಾ ನಗಿಸುತ್ತಾ ಒಂದು ಹಳೆಯ ಪದ್ಯ ಹೇಳುತ್ತಾರೆ, ನಾವು ಸುಮ್ಮನಾಗುತ್ತೇವೆ, ಮತ್ತೆ ನಗಿಸುತ್ತಾರೆ. ಆ ಏರಿಳಿತ ಬೇರೆ ಯಾರಲ್ಲೂ ನನಗೆ ಸಿಕ್ಕಿಲ್ಲ.

ಹೆಂಡತಿ ಜೋಕಿನ ವಿಷಯದಲ್ಲಿ ನಾನು ಜಾಜಿ ಅವರ ಪರ. ಉದಯ ಟಿವಿಯ 'ಹರಟೆ' ನೋಡಿದವರಿಗೆ ನೆನಪಿರಬಹುದು. ನಡುವೆ ಹಿರೇಮಗಳೂರು ಕಣ್ಣನ್, ಎರಡೂ ಕಡೆ ವಾದ ಮಾಡುವವರು. ಅಲ್ಲಿ ಗಂಡಸರು ಹೆಂಡತಿಯರ ಬಗ್ಗೆ ಮಾತೆತ್ತಿದರೆ ಸುಧಾ ಬರಗೂರು ಅವರು ಎದುರಿಗೆ ಕೂತು ತಿರುಗಿಸಿ ಕೊಡುತ್ತಿದ್ದರು. ಅದಕ್ಕೇ ಅದು ಚೆನ್ನಾಗಿತ್ತು. ವೇದಿಕೆಯಲ್ಲಿ ಬರೀ ಗಂಡಸರೇ ಇದ್ದಾಗ ಉತ್ತರ ಕೊಡುವವರು ಇರುವುದಿಲ್ಲ, ಆಗ ಅದು ತಮಾಷೆಯಾಗಿ ಉಳಿಯುವುದಿಲ್ಲ. ಈ ಮಾತನ್ನು ನಾನು ಬದಲಾಯಿಸುವುದಿಲ್ಲ, ಎಷ್ಟು ಜನ ಬೇಕಾದರೂ ಬೈಯಲಿ.

ಐದು_ನಿಮಿಷ:
ನಾನು ಬೆಂಗಳೂರಿನಲ್ಲಿ ಎರಡು ವರ್ಷದಿಂದ ಕನ್ನಡ ಓಪನ್ ಮೈಕ್ (ಹೊಸಬರೂ ಬಂದು ಕೆಲವು ನಿಮಿಷ ಹಾಸ್ಯ ಮಾಡಿ ನೋಡುವ ವೇದಿಕೆ) ಮಾಡುತ್ತಿದ್ದೇನೆ. ಆ ಕಡೆಯಿಂದ ಒಂದು ಉತ್ತರ.

ನಮಗೆ ಸಿಗುವುದು ನಾಲ್ಕೈದು ನಿಮಿಷ. ಕೇಳುವವರು ಮೂವತ್ತು ನಲವತ್ತು ಜನ. ಹಾಗಾಗಿ ಪ್ರತಿ ಸಾಲನ್ನೂ ಕಡೆದು ಕಡೆದು ಸಣ್ಣದು ಮಾಡುತ್ತೇವೆ. ಒಂದೇ ಬಿಟ್ಟನ್ನು, ಅಂದರೆ ಹಾಸ್ಯದ ಒಂದು ತುಣುಕನ್ನು, ಬೇರೆ ಬೇರೆ ಕಡೆ ಹತ್ತಾರು ಸಲ ಹೇಳಿ ನೋಡುತ್ತೇವೆ. ನಮ್ಮ ನಗು ನಿಂತಿರುವುದು ಆಶ್ಚರ್ಯದ ಮೇಲೆ. ಕೇಳುವವರು ಎಡಕ್ಕೆ ಹೋಗುತ್ತಾರೆ ಅಂದುಕೊಂಡಾಗ ಬಲಕ್ಕೆ ತಿರುಗಬೇಕು. ಯೂಟ್ಯೂಬಿಗೆ ಹಾಕಿದ ಮೇಲೆ ಆ ತಿರುವು ಎಲ್ಲರಿಗೂ ಗೊತ್ತಾಗಿರುತ್ತದೆ, ಮತ್ತೆ ವೇದಿಕೆಯಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಎರಡನೇ ಸಲ ನಗು ಬರದೇ ಇರುವುದು ನಮ್ಮ ಸೋಲಲ್ಲ, ಈ ಕಲೆ ಇರುವುದೇ ಹೀಗೆ. ಪ್ರಾಣೇಶ್ ಅವರಿಗೆ ಗಂಟೆಯ ಮೇಲೆ ಸಮಯ, ಎದುರಿಗೆ ಮೈದಾನದ ತುಂಬಾ ಜನ, ಅಜ್ಜಿಯಿಂದ ಮೊಮ್ಮಗುವರೆಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ದಯವಿಟ್ಟು.

ಹಾಗಂತ ಹಳಬರಿಂದ ಕಲಿಯುವುದು ಬಹಳ ಇದೆ. ಪಾತ್ರ ಮಾಡಿ ತೋರಿಸುವುದನ್ನು ನಾವು ಬಿಟ್ಟೇಬಿಟ್ಟಿದ್ದೇವೆ. ಡ್ಯಾನಿಶ್ ಸೇಠ್ 2020ರ ಲಾಕ್‌ಡೌನ್‌ನಲ್ಲಿ ಒಬ್ಬರೇ ಕೂತು ಫೋನಿನಲ್ಲಿ ಹಲವರ ಮಾತಾಡಿದ ವಿಡಿಯೊಗಳನ್ನು ನಾನು ಇವತ್ತಿಗೂ ನೋಡುತ್ತೇನೆ. ಪಂಚ್ ಮರೆತು ಹೋಗುತ್ತದೆ, ಪಾತ್ರ ಉಳಿಯುತ್ತದೆ.

ಪಡುಗಡಲು:
ನಮ್ಮ ಕರಾವಳಿಯನ್ನು ಯಾರೂ ನೆನೆಯಲಿಲ್ಲವಲ್ಲ. ಯಕ್ಷಗಾನದ ಹಾಸ್ಯಗಾರರು ಒಂದೇ ಪ್ರಸಂಗವನ್ನು ಸೀಸನ್ ಪೂರ್ತಿ ಆಡುತ್ತಾರೆ, ಆದರೆ ಮಾತು ಬರೆದಿಟ್ಟದ್ದಲ್ಲ. ಎದುರಿನ ವೇಷ ಏನು ಕೇಳುತ್ತದೋ ಅದಕ್ಕೆ ಅಲ್ಲೇ ಉತ್ತರ. ಸೀತಾರಾಮ ಕುಮಾರ್ ಕಟೀಲ್ ಅವರ ಹಾಸ್ಯಕ್ಕಾಗಿಯೇ ನಿದ್ದೆಗೆಟ್ಟು ಕೂತವನು ನಾನು. ತುಳು ನಾಟಕದಲ್ಲಿ ಅರವಿಂದ ಬೋಳಾರ್ ಸುಮ್ಮನೆ ಬಂದು ನಿಂತರೂ ಜನ ನಗುತ್ತಾರೆ.

ಹಳೇ_ರಂಗಮಂದಿರ:
ಮತ್ತೆ ಮತ್ತೆ ನೋಡುವ ಮಾತು ಬಂದರೆ ಮಾಸ್ಟರ್ ಹಿರಣ್ಣಯ್ಯನವರನ್ನು ಬಿಡುವುದು ಹೇಗೆ? 'ಲಂಚಾವತಾರ' ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡ ನಾಟಕ. ನಾನು ನೋಡಿದ್ದು ನಾಲ್ಕು ಸಲ. ನಾಲ್ಕೂ ಸಲ ಕಥೆ ಅದೇ, ಮಾತು ಬೇರೆ. ಅವತ್ತಿನ ಪೇಪರಿನಲ್ಲಿ ಬಂದದ್ದು ರಾತ್ರಿ ನಾಟಕದಲ್ಲಿ ಇರುತ್ತಿತ್ತು. ಅಧಿಕಾರದಲ್ಲಿ ಯಾರೇ ಇರಲಿ, ಹೆಸರು ಹಿಡಿದು ಮಾತಾಡುತ್ತಿದ್ದರು. 2019ರಲ್ಲಿ ಅವರು ತೀರಿಕೊಂಡ ಮೇಲೆ ಆ ಧೈರ್ಯದ ಹಾಸ್ಯವನ್ನು ನಾನು ಕನ್ನಡದಲ್ಲಿ ಕಂಡಿಲ್ಲ. ಹೊಸ ಹುಡುಗರು ಟ್ರಾಫಿಕ್ಕು, ಪಿಜಿ ದಾಟಿ ಇಲ್ಲಿಗೂ ಬರಬೇಕು ಅಂತ ನನ್ನಾಸೆ.

ಐದು_ನಿಮಿಷ:
ಸರ್, ಆಸೆ ನಮಗೂ ಇದೆ. ಆದರೆ ಆಗ ನಾಟಕ ಮುಗಿದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಇಪ್ಪತ್ತು ಸೆಕೆಂಡಿನ ತುಂಡು ಕತ್ತರಿಸಿ ಹಿಂದೆ ಮುಂದೆ ಇಲ್ಲದೆ ಊರೆಲ್ಲಾ ಹಂಚುತ್ತಾರೆ. ಭಯ ಇರುವುದು ನಿಜ.

ಜಯನಗರ_ಜಾಜಿ:
ಎಲ್ಲರಿಗೂ ಥ್ಯಾಂಕ್ಸ್. ಎಡದಂಡೆ ಅಣ್ಣನ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಬೆಂಗಳೂರಿಗೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ತಮ್ಮ ಮಾತು ಕೇಳಿ ನಗುತ್ತಿದ್ದರು, ಅದಕ್ಕೇ ಮೆಲ್ಲಗೆ ಬದಲಾಯಿಸಿಕೊಂಡೆ ಎಂದರು. ಮೂವತ್ತು ವರ್ಷದಲ್ಲಿ ಈ ವಿಷಯ ನನಗೆ ಹೇಳಿರಲಿಲ್ಲ. ಅವರು ಆ ಭಾಷಣವನ್ನು ಯಾಕೆ ಅಷ್ಟು ಸಲ ಹಾಕುತ್ತಾರೆ ಅಂತ ಈಗ ಗೊತ್ತಾಯಿತು.

ಹೆಂಡತಿ ಜೋಕಿನ ವಿಷಯದಲ್ಲಿ ಮಾತ್ರ ನಾವಿಬ್ಬರೂ ರಾಜಿಯಾಗಿಲ್ಲ, ಅಮ್ಮ ನನ್ನ ಕಡೆ. ಐದು_ನಿಮಿಷ ಅವರೇ, ಮುಂದಿನ ಕನ್ನಡ ಓಪನ್ ಮೈಕ್ ಯಾವಾಗ ಅಂತ ಇಲ್ಲೇ ಹಾಕಿ. ಅಪ್ಪ ಬರುತ್ತೇನೆ ಎಂದಿದ್ದಾರೆ. ಮುಂದಿನ ಸಾಲಿನಲ್ಲೇ ಕೂರಬೇಕಂತೆ.