ಒಂದೇ ಸೆಂಟು, ಇಬ್ಬರಿಗೆ ಎರಡು ವಾಸನೆ: ಮೂಗಿನ ರಿಸೆಪ್ಟರ್‌ಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಹೊಸ ಸೆಂಟಿನ ಬಾಟಲಿ ತಂದೆ. ಮುಚ್ಚಳ ತೆಗೆದರೆ ಸಾಕು, ನನಗೆ ವಯೊಲೆಟ್ ಹೂವಿನ ಪರಿಮಳ. ನನ್ನ ಹೆಂಡತಿಗೆ ಹೂವಿನ ಸುಳಿವೇ ಇಲ್ಲ, "ಏನೋ ಹುಳಿ ಹುಳಿ, ಘಾಟು" ಅಂತಾಳೆ. ಮಾರಿದವರನ್ನು ಕೇಳಿದರೆ ವಯೊಲೆಟ್ ಪರಿಮಳ ಕೊಡುವ ಬೀಟಾ-ಅಯೋನೋನ್ ಎಂಬ ರಾಸಾಯನಿಕ ಹೆಚ್ಚಿದೆ ಎಂದರು. ಬೀಗಕ್ಕೊಂದು ಕೀಲಿಕೈ ಇರುವ ಹಾಗೆ ಒಂದು ರಾಸಾಯನಿಕಕ್ಕೆ ಒಂದು ರಿಸೆಪ್ಟರ್ (ಮೂಗಿನಲ್ಲಿ ಅದನ್ನು ಹಿಡಿಯುವ ಪ್ರೋಟೀನ್), ಒಂದು ವಾಸನೆ ಅಂತ ಓದಿದ್ದೆ. ಹಾಗಾದರೆ ಇಬ್ಬರಲ್ಲಿ ಯಾರ ಮೂಗು ಕೆಟ್ಟಿದೆ?

ಉತ್ತರ (ಪರಿಮಳ ರಸಾಯನಜ್ಞೆ): ನಮಸ್ಕಾರ ಸರ್. ಯಾರ ಮೂಗೂ ಕೆಟ್ಟಿಲ್ಲ. ನಿಮ್ಮ ಮನೆಯವರು ಸುಮ್ಮನೆ ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗೇ ಬರುತ್ತಿರಬೇಕು.

ಬೀಟಾ-ಅಯೋನೋನನ್ನು ಮುಖ್ಯವಾಗಿ ಹಿಡಿಯುವುದು ಓಆರ್5ಎ1 ಎಂಬ ರಿಸೆಪ್ಟರ್. ಈ ಪ್ರೋಟೀನಿನ 183ನೇ ಸ್ಥಾನದಲ್ಲಿ ಕೆಲವರಿಗೆ ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಕೊಂಡಿ) ಇರುತ್ತದೆ, ಕೆಲವರಿಗೆ ಆಸ್ಪರಾಜಿನ್. ತಂದೆ, ತಾಯಿ ಇಬ್ಬರ ಕಡೆಯಿಂದಲೂ ಆಸ್ಪರಾಜಿನ್ ಇರುವ ಜೀನ್ ಪ್ರತಿಯೇ ಬಂದಿದ್ದರೆ ಈ ವಸ್ತುವಿಗೆ ಮೂಗು ಬಹುಮಟ್ಟಿಗೆ ಮಂದ. ಪ್ರಮಾಣ ಹೆಚ್ಚಾದಾಗ ಏನೋ ಇದೆ ಎಂದು ಗೊತ್ತಾಗುತ್ತದೆ, ಆದರೆ ಹೂವಾಗಿ ಅಲ್ಲ, ಹುಳಿಯಾಗಿ, ಘಾಟಾಗಿ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಒಂದೇ ಒಂದು ಅಮೈನೋ ಆಮ್ಲ ಕಾರಣ ಅನ್ನುವುದು ನನಗೆ ಇವತ್ತಿಗೂ ಬೆರಗು.

ಇನ್ನು ಬೀಗ-ಕೀಲಿಕೈ ಹೋಲಿಕೆ. ಅದು ಅರ್ಧ ಸರಿ. ಮನುಷ್ಯರಲ್ಲಿ ಕೆಲಸ ಮಾಡುವ ವಾಸನೆಯ ರಿಸೆಪ್ಟರ್‌ಗಳು ಸುಮಾರು 400 ಬಗೆ. ಮೂಗಿನ ಮೇಲ್ಭಾಗದ ಒಳಪೊರೆಯಲ್ಲಿರುವ ಒಂದೊಂದು ನರಕೋಶವೂ ಸಾಮಾನ್ಯವಾಗಿ ಒಂದೇ ಬಗೆಯ ರಿಸೆಪ್ಟರನ್ನು ಇಟ್ಟುಕೊಂಡಿರುತ್ತದೆ. ಆದರೆ ಒಂದು ರಾಸಾಯನಿಕ ಹಲವು ರಿಸೆಪ್ಟರ್‌ಗಳನ್ನು ಎಬ್ಬಿಸಬಲ್ಲದು, ಒಂದು ರಿಸೆಪ್ಟರ್ ಹಲವು ರಾಸಾಯನಿಕಗಳಿಗೆ ಓಗೊಡಬಲ್ಲದು. ಯಾವ ಯಾವ ರಿಸೆಪ್ಟರ್ ಎಷ್ಟೆಷ್ಟು ಎದ್ದಿತು ಎನ್ನುವ ಒಟ್ಟು ವಿನ್ಯಾಸವನ್ನೇ ಮೆದುಳು ವಾಸನೆ ಎಂದು ಓದುತ್ತದೆ. ಈ ರಿಸೆಪ್ಟರ್‌ಗಳ ಜೀನ್ ಕುಟುಂಬವನ್ನು 1991ರಲ್ಲಿ ಗುರುತಿಸಿದವರು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. 2004ರ ನೊಬೆಲ್ ಅವರಿಗೆ ಬಂತು.

ಪ್ರಶ್ನೆ (ರಸಾಯನಶಾಸ್ತ್ರ ವಿದ್ಯಾರ್ಥಿ): ಹಾಗಿದ್ದರೆ ಅಣುವಿನ ರಚನೆ ನೋಡಿ ವಾಸನೆ ಹೇಳಬಹುದಾ ಮೇಡಂ?

ಉತ್ತರ: ಸ್ವಲ್ಪ ಮಟ್ಟಿಗೆ ಮಾತ್ರ ಕಣಪ್ಪ. ಆಕ್ಟನಾಲ್ ತಗೋ: ಎಂಟು ಕಾರ್ಬನ್, ತುದಿಯಲ್ಲಿ ಆಲ್ಕೊಹಾಲ್ ಗುಂಪು. ಕಿತ್ತಳೆ, ಗುಲಾಬಿಯ ಛಾಯೆ. ಅದೇ ಎಂಟು ಕಾರ್ಬನ್ನಿನ ತುದಿಯಲ್ಲಿ ಆಮ್ಲದ ಗುಂಪು ಬಂದರೆ ಆಕ್ಟನೋಯಿಕ್ ಆಮ್ಲ: ಕಮಟು, ಬೆವರು ನಾತ. ಕಾರ್ವೋನ್ ಇನ್ನೂ ಸೊಗಸು. ಪರಮಾಣುಗಳು ಅವೇ, ಜೋಡಣೆಯೂ ಅದೇ, ಒಂದು ಇನ್ನೊಂದರ ಕನ್ನಡಿಬಿಂಬ ಅಷ್ಟೇ. ಒಂದಕ್ಕೆ ಸ್ಪಿಯರ್‌ಮಿಂಟ್ ಪುದೀನದ ವಾಸನೆ, ಮತ್ತೊಂದಕ್ಕೆ ಜೀರಿಗೆಯ ಬಳಗದ ಕ್ಯಾರವೇ ಬೀಜದ್ದು. ಕಸ್ತೂರಿಯ ಕತೆ ಉಲ್ಟಾ. ಮಸ್ಕೋನಿನಲ್ಲಿ 15 ಕಾರ್ಬನ್ನಿನ ದೊಡ್ಡ ಉಂಗುರ, ಮಸ್ಕ್ ಕೀಟೋನಿನಲ್ಲಿ ನೈಟ್ರೋ ಗುಂಪು ಹೊತ್ತ ಬೆಂಜೀನ್ ಉಂಗುರ. ಕಾಗದದ ಮೇಲೆ ಎರಡಕ್ಕೂ ಸಂಬಂಧವೇ ಕಾಣುವುದಿಲ್ಲ, ಮೂಗಿಗೆ ಎರಡೂ ಕಸ್ತೂರಿ.

2023ರಲ್ಲಿ ಓಆರ್51ಇ2 ಎಂಬ ಮಾನವ ರಿಸೆಪ್ಟರ್ ಪ್ರೊಪಿಯೋನೇಟ್ ಎಂಬ ಗಿಡ್ಡ ಸರಪಳಿಯ ಆಮ್ಲದ ಅಣುವನ್ನು ಹಿಡಿದುಕೊಂಡಿರುವ ರಚನೆಯನ್ನು ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಯಿಂದ (ಮಾದರಿಯನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್‌ಗಳಿಂದ ನೋಡುವ ವಿಧಾನ) ಬಿಡಿಸಿದರು. ಅದನ್ನು ತಪ್ಪದೆ ನೋಡು. ಅಲ್ಲಿ ರಿಸೆಪ್ಟರಿನ ಆರ್ಜಿನೈನ್ ಎಂಬ ಒಂದು ಅಮೈನೋ ಆಮ್ಲ ಆ ಅಣುವಿನ ಆಮ್ಲದ ತುದಿಯನ್ನು ಬಿಗಿಯಾಗಿ ಹಿಡಿದಿದೆ. ಸುತ್ತಲಿನ ಜಾಗ ಎಷ್ಟು ಇಕ್ಕಟ್ಟು ಎಂದರೆ ಉದ್ದ ಸರಪಳಿಯ ಆಮ್ಲಗಳು ಒಳಗೆ ಕೂರುವುದಿಲ್ಲ.

ಪ್ರಶ್ನೆ: ಮಲ್ಲಿಗೆಯಲ್ಲಿ ಮಲದ ವಾಸನೆಯ ರಾಸಾಯನಿಕ ಇದೆ ಅಂತಾರಲ್ಲ, ನಿಜಾನಾ?

ಉತ್ತರ: ನಿಜ, ಅದು ಇಂಡೋಲ್. ನಮ್ಮ ಲ್ಯಾಬಿನಲ್ಲಿ ಬಿಳಿ ಹರಳಿನ ರೂಪದಲ್ಲಿರುತ್ತದೆ. ಬಾಟಲಿ ತೆರೆದರೆ ನುಸಿಗುಳಿಗೆ ಮತ್ತು ಹೊಲಸು ಕಲೆತ ಗಬ್ಬು, ಪಕ್ಕದ ಮೇಜಿನವರೂ ಎದ್ದು ಹೋಗುತ್ತಾರೆ. ಅದನ್ನೇ ಚೆನ್ನಾಗಿ ತೆಳುವು ಮಾಡಿ, ಕಾಗದದ ಪಟ್ಟಿಯ ತುದಿಯನ್ನು ಅದ್ದಿ, ದ್ರಾವಕ ಆರಲು ಬಿಟ್ಟು ಮೂಗಿನ ಮುಂದೆ ಮೆಲ್ಲಗೆ ಆಡಿಸಿದರೆ ಬಿಳಿ ಹೂಗಳ ಕಂಪು. ಪ್ರಮಾಣ ಕಡಿಮೆ ಇದ್ದಾಗ ತೀರಾ ಸೂಕ್ಷ್ಮವಾದ ರಿಸೆಪ್ಟರ್‌ಗಳಷ್ಟೇ ಏಳುತ್ತವೆ. ಹೆಚ್ಚಾದಂತೆ ಉಳಿದವೂ ಸೇರಿಕೊಳ್ಳುತ್ತವೆ, ಒಟ್ಟು ವಿನ್ಯಾಸವೇ ಬದಲಾಗುತ್ತದೆ. ಇಂಡೋಲನ್ನು ಪೂರ್ತಿ ಬಿಟ್ಟು ಮಲ್ಲಿಗೆಯ ಸೆಂಟು ಮಾಡಿದರೆ ನನ್ನ ಮಟ್ಟಿಗೆ ಅದು ಸಪ್ಪೆ.

ಪ್ರಶ್ನೆ: ಮೆಂಥಾಲಿನ ತಂಪು, ಅಮೋನಿಯಾದ ಚುಚ್ಚು ಕೂಡ ಇವೇ ರಿಸೆಪ್ಟರ್‌ಗಳಿಂದಲೇ?

ಉತ್ತರ: ಅಲ್ಲ. ಆ ತಂಪು, ಚುಚ್ಚು ಎರಡನ್ನೂ ಮುಟ್ಟಿಸುವುದು ಮುಖದ ಟ್ರೈಜೆಮಿನಲ್ ನರ. ಮೆಂಥಾಲ್ ಅಲ್ಲಿನ ಟಿಆರ್‌ಪಿಎಂ8 ಎಂಬ ಚಳಿಯ ಸಂವೇದಕವನ್ನು ಎಬ್ಬಿಸುತ್ತದೆ.

ಪ್ರಶ್ನೆ: ಸ್ವಲ್ಪ ಹೊತ್ತಾದ ಮೇಲೆ ವಾಸನೆ ಗೊತ್ತಾಗುವುದೇ ಇಲ್ಲ. ನರಕೋಶ ಸತ್ತು ಹೋಗುತ್ತಾ?

ಉತ್ತರ: ಇಲ್ಲ, ಹೊಂದಿಕೊಳ್ಳುತ್ತದೆ ಅಷ್ಟೇ. ರಿಸೆಪ್ಟರ್ ಎದ್ದಾಗ ಕೋಶದೊಳಗೆ ನುಗ್ಗುವ ಕ್ಯಾಲ್ಸಿಯಮ್ಮೇ ಮುಂದಿನ ಸಂಕೇತವನ್ನು ತಗ್ಗಿಸುತ್ತದೆ. ಹೊರಗೆ ಹೋಗಿ ಬಂದರೆ ಮತ್ತೆ ಗೊತ್ತಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ವಿಷಯದಲ್ಲಿ ಮಾತ್ರ ದಯವಿಟ್ಟು ಮೂಗನ್ನು ನಂಬಬೇಡಿ. ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ಸುಮಾರು 100 ಭಾಗ ದಾಟಿದರೆ ಘ್ರಾಣವೇ ಮರಗಟ್ಟುತ್ತದೆ. ಕೊಳೆತ ಮೊಟ್ಟೆಯ ನಾತ ನಿಂತಿತು ಎಂದು ಗುಂಡಿಗೆ ಇಳಿದವರು ಜೀವ ಕಳೆದುಕೊಳ್ಳುತ್ತಾರೆ.

ಪ್ರಶ್ನೆ (ಮೊದಲು ಕೇಳಿದವರು): ಅಭ್ಯಾಸ ಮಾಡಿಸಿದರೆ ನನ್ನ ಹೆಂಡತಿಗೂ ವಯೊಲೆಟ್ ಸಿಗಬಹುದಾ ಮೇಡಂ?

ಉತ್ತರ: ಜೀನಿನಿಂದ ಬಂದದ್ದಾದರೆ ಆ ಆಸೆ ಇಟ್ಟುಕೊಳ್ಳಬೇಡಿ ಸರ್. ವೈರಸ್ ಸೋಂಕಿನ ನಂತರ ವಾಸನೆ ಕಳೆದುಕೊಂಡವರಿಗೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ದಿನಾ ಮೂಸುವ ಅಭ್ಯಾಸ ಕೊಡುತ್ತಾರೆ, ಹಲವರಿಗೆ ಅದು ನೆರವಾಗುತ್ತದೆ. ಆದರೆ ಆ ತೊಂದರೆ ಬೇರೆ. ಆಂಡ್ರೋಸ್ಟಿನೋನ್ ಎಂಬ ಒಂದು ವಸ್ತು ಇದೆ, ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ಸಿಹಿ ಪರಿಮಳ, ಕೆಲವರಿಗೆ ಏನೂ ಇಲ್ಲ. ಅದರ ವಾಸನೆಯೇ ಬಾರದಿದ್ದವರಲ್ಲಿ ಕೆಲವರಿಗೆ ವಾರಗಟ್ಟಲೆ ಮೂಸಿದ ಮೇಲೆ ಗೊತ್ತಾಗತೊಡಗಿದ್ದು ಪ್ರಯೋಗದಲ್ಲಿ ಕಂಡಿದೆ. ಬೀಟಾ-ಅಯೋನೋನ್ ವಿಷಯದಲ್ಲಿ ನಾನು ಆ ಭರವಸೆ ಕೊಡಲಾರೆ. ಮುಂದಿನ ಸಲ ಬಾಟಲಿ ಕೊಳ್ಳುವಾಗ ಅವರನ್ನೂ ಕರೆದುಕೊಂಡು ಹೋಗಿ, ಇಬ್ಬರೂ ಪಟ್ಟಿಯ ಮೇಲೆ ಮೂಸಿ ನೋಡಿಯೇ ತನ್ನಿ.