ಸಹಾಯ ಬೇಕು: ಅಪ್ಪನಿಗೆ ಸೀಡ್ ಚಿಕಿತ್ಸೆ, ಮನೆಗೆ ಬಸುರಿ ತಂಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಜಯನಗರ. ಅಪ್ಪನಿಗೆ 68 ವರ್ಷ, ಪ್ರಾಸ್ಟೇಟ್ ಕ್ಯಾನ್ಸರ್, ಇನ್ನೂ ಶುರುವಿನ ಹಂತ. ಅಕ್ಕಿಕಾಳಿನಷ್ಟು ಚಿಕ್ಕ ಟೈಟಾನಿಯಂ ಸೀಡ್‌ಗಳನ್ನು ಸೂಜಿಯಲ್ಲಿ ಒಳಗೆ ಕೂರಿಸುತ್ತಾರೆ. ಮತ್ತೆ ತೆಗೆಯುವುದಿಲ್ಲ, ಅಲ್ಲೇ ಇರುತ್ತವೆ. ಅದರೊಳಗೆ ಅಯೋಡಿನ್-125 ಅನ್ನುವ ವಿಕಿರಣ ಸೂಸುವ ವಸ್ತು. ಸುಮಾರು 60 ದಿನಕ್ಕೆ ವಿಕಿರಣ ಅರ್ಧಕ್ಕೆ ಇಳಿಯುತ್ತದೆ, ನಾಲ್ಕು ತಿಂಗಳಿಗೆ ಕಾಲು ಭಾಗ. ಅದರ ಬದಲು ಪೆಲೇಡಿಯಂ-103 ಹಾಕಿದರೆ 17 ದಿನಕ್ಕೇ ಅರ್ಧ. ಎರಡರ ವಿಕಿರಣಕ್ಕೂ ಶಕ್ತಿ ಕಡಿಮೆ, ಹೆಚ್ಚಿನದು ಮೈಯೊಳಗೇ ತಡೆದುಹೋಗುತ್ತದೆ. ಇಷ್ಟು ಅರ್ಥವಾಗಿದೆ.

ತಲೆಬಿಸಿ ಬೇರೆ. ತಂಗಿಗೆ ಈಗ ಏಳು ತಿಂಗಳು, ಬಾಣಂತನಕ್ಕೆ ಇಲ್ಲಿಗೇ ಬರುತ್ತಾಳೆ. ನನ್ನ ಮೂರು ವರ್ಷದ ಮಗಳಂತೂ ಬೆಳಗ್ಗೆ ತಾತನ ತೊಡೆ ಮೇಲೆ ಕೂತೇ ಪೇಪರ್ ಹರಿಯಬೇಕು! ಮೊದಲ ಎರಡು ತಿಂಗಳು ಮಕ್ಕಳನ್ನು ತೊಡೆ ಮೇಲೆ ಕೂರಿಸಬೇಡಿ, ಬಸುರಿಯರು ಸ್ವಲ್ಪ ದೂರ ಇರಲಿ ಅಂದರು ಡಾಕ್ಟರು. ಎಷ್ಟು ದೂರ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು.

ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಆಗಿದೆಯಾ? ಎರಡು ರೂಮಿನ ಮನೆಯಲ್ಲಿ ಹೇಗೆ ಸಂಭಾಳಿಸಿದಿರಿ? ತಂಗಿಯನ್ನು ಅತ್ತೆ ಮನೆಯಲ್ಲೇ ಇರು ಅನ್ನಬೇಕಾ? ಮೂತ್ರದಲ್ಲಿ ಸೀಡ್ ಬಂದರೆ ಕೈಯಲ್ಲಿ ಮುಟ್ಟದೆ ಇಕ್ಕಳದಲ್ಲಿ ಎತ್ತಿಡಿ ಅಂದಿದ್ದಾರೆ, ನಿಜಕ್ಕೂ ಹಾಗೆ ಯಾರಿಗಾದರೂ ಬಂದಿತ್ತಾ? ಮುಂದಿನ ವಾರ ಮತ್ತೆ ಡಾಕ್ಟರ ಹತ್ತಿರ ಹೋಗುತ್ತೇವೆ, ಅಷ್ಟರಲ್ಲಿ ತಿಳಿಸಿ. ಸುಮ್ನೆ ಕಷಾಯ ಕುಡಿಸಿ ಅನ್ನಬೇಡಿ, ದಯವಿಟ್ಟು.